ಯಂತ್ರಗಳ ದುಭಾಷಿ

1980ರ ಸುಮಾರಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ಒಂದು ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಮುದ್ರಣಯಂತ್ರವೊಂದು ಬಂದಿತು. ಅದು ಬಲು ಚುರುಕಾದ ಯಂತ್ರ. ಆದರೆ ಆಗಾಗ ಕಾಗದ ಸಿಕ್ಕಿಕೊಂಡು ನಿಂತುಬಿಡುತ್ತಿದ್ದಿತು. ಯಂತ್ರವಿದ್ದುದು ಬೇರೊಂದು ಅಂತಸ್ತಿನಲ್ಲಿ. ಅದು ನಿಂತಿದೆಯೆಂಬುದು ತಮ್ಮ ಹಾಳೆಗಳನ್ನು ತರಲು ಅಲ್ಲಿಗೆ ಹೋದವರಿಗೆ ಮಾತ್ರ ತಿಳಿಯುತ್ತಿದ್ದಿತು. ಪ್ರಯೋಗಾಲಯದ ರಿಚರ್ಡ್ ಸ್ಟಾಲ್ಮನ್ ಅವರು ಹಿಂದಿನ ಯಂತ್ರಕ್ಕೆ ಇದೇ ತೊಂದರೆ ಬಂದಾಗ ಅದರ ತಂತ್ರಾಂಶವನ್ನು ತಿದ್ದಿ, ಯಂತ್ರ ನಿಂತೊಡನೆ ಕಾದಿರುವವರಿಗೆಲ್ಲ ಸುದ್ದಿ ಮುಟ್ಟುವಂತೆ ಮಾಡಿದ್ದರು. ಹೊಸ ಯಂತ್ರಕ್ಕೂ ಹಾಗೆಯೇ ಮಾಡೋಣವೆಂದರೆ, ಅದರ ತಂತ್ರಾಂಶದ ಮೂಲಬರಹ, ಎಂದರೆ ಮನುಷ್ಯರು ಓದಿ ತಿದ್ದಬಹುದಾದ ರೂಪ, ಜೊತೆಯಲ್ಲಿ ಬಂದೇ ಇರಲಿಲ್ಲ. ಅದನ್ನು ಪಡೆದಿದ್ದ ಇನ್ನೊಂದು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು, ಯಾರಿಗೂ ಕೊಡುವುದಿಲ್ಲವೆಂದು ಕಂಪನಿಗೆ ಮಾತು ಕೊಟ್ಟಿದ್ದುದರಿಂದ ಕೊಡಲೊಪ್ಪಲಿಲ್ಲ. ತಿದ್ದುವ ಬುದ್ಧಿಯಿದ್ದಿತು, ತಿದ್ದಲು ಕೈಗಳಿದ್ದವು. ಆದರೂ ಯಂತ್ರ ಹಾಗೆಯೇ ಉಳಿಯಿತು. 1983ರಲ್ಲಿ ಸ್ಟಾಲ್ಮನ್ ಅವರು ಮುಕ್ತ ತಂತ್ರಾಂಶದ ಚಳುವಳಿಯನ್ನು ಆರಂಭಿಸಲು ಈ ಅನುಭವವೂ ಒಂದು ಕಾರಣವಾಯಿತು.

ಡ್ರೈವರ್ ಎಂದರೇನು?

ಗಣಕಯಂತ್ರದಲ್ಲಿ ಎಲ್ಲ ಕೆಲಸಗಳನ್ನೂ ಹಂಚಿಕೊಡುವ ಮೇಲ್ವಿಚಾರಕ ತಂತ್ರಾಂಶವೊಂದಿರುತ್ತದೆ. ಅದರ ತಿರುಳಿಗೆ ಕರ್ನೆಲ್ ಎಂದು ಹೆಸರು. ‘ಈ ಪುಟವನ್ನು ಮುದ್ರಿಸು’, ‘ಈ ಸಂದೇಶವನ್ನು ಕಳುಹಿಸು’ ಎಂದು ಅಪ್ಪಣೆ ಮಾಡುವುದು ಕರ್ನೆಲಿಗೆ ಗೊತ್ತು. ಆದರೆ ಮಾರುಕಟ್ಟೆಯಲ್ಲಿರುವ ಸಾವಿರಾರು ಬಗೆಯ ಉಪಕರಣಗಳಲ್ಲಿ ಒಂದೊಂದರ ಭಾಷೆಯೂ ಬೇರೆ. ಇಬ್ಬರ ನಡುವೆ ನಿಂತು ಮಾತನ್ನು ಮುಟ್ಟಿಸುವ ದುಭಾಷಿಯೇ ಡ್ರೈವರ್.

ಈ ದುಭಾಷಿ ಮಾತನಾಡುವ ಬಗೆಯನ್ನು ನೋಡೋಣ. ಉಪಕರಣದ ಚಿಪ್ಪಿನಲ್ಲಿ ರೆಜಿಸ್ಟರುಗಳೆಂಬ ಪುಟ್ಟ ಅಂಕಣಗಳಿರುತ್ತವೆ. ಜಾಲಕ್ಕೆ ಜೋಡಿಸುವ ಕಾರ್ಡೊಂದನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಕಳುಹಿಸಬೇಕಾದ ಸಂದೇಶ ಗಣಕದ ಸ್ಮೃತಿಯಲ್ಲಿ ಎಲ್ಲಿದೆಯೆಂಬುದನ್ನು ಡ್ರೈವರ್ ಕಾರ್ಡಿಗೆ ತಿಳಿಸುತ್ತದೆ. ‘ಇನ್ನು ಹೊರಡಿಸು’ ಎಂಬ ಅರ್ಥದ ಅಂಕಿಯನ್ನು ಒಂದು ಅಂಕಣದಲ್ಲಿ ಬರೆಯುತ್ತದೆ. ಕಾರ್ಡು ಸಂದೇಶವನ್ನು ತಾನೇ ಎತ್ತಿಕೊಂಡು ಕಳುಹಿಸಿ, ಕೆಲಸ ಮುಗಿದೊಡನೆ ಸಂಜ್ಞೆ ಮಾಡುತ್ತದೆ. ಯಾವ ಅಂಕಣದಲ್ಲಿ ಯಾವ ಅಂಕಿ ಎಂಬುದೇ ಇಲ್ಲಿಯ ಗುಟ್ಟು. ಅದನ್ನು ಬಲ್ಲವರು ಉಪಕರಣವನ್ನು ಮಾಡಿದವರು. ತಪ್ಪು ಅಂಕಿಯನ್ನು ಬರೆದರೆ ಉಪಕರಣ ಮೂಕವಾಗುತ್ತದೆ.

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅವರು ಲಿನಕ್ಸ್ ಎಂಬ ಕರ್ನೆಲನ್ನು ಬರೆದು ಹಂಚಿದರು. ಅದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ತಿದ್ದಿದುದನ್ನು ಇತರರಿಗೆ ಹಂಚುವವರು ಮೂಲಬರಹವನ್ನೂ ಕೊಡಬೇಕು. ಇಂದು ಆಂಡ್ರಾಯ್ಡ್ ಫೋನುಗಳ ಒಳಗಿರುವುದು ಲಿನಕ್ಸ್ ಕರ್ನೆಲೇ. ಅದರ ಮೂಲಬರಹ ಮೂರು ಕೋಟಿ ಸಾಲುಗಳನ್ನು ಮೀರಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಡ್ರೈವರುಗಳದು.

ಗುಟ್ಟನ್ನು ಬಿಡಿಸಿದ ಬಗೆ

ಮೊದಮೊದಲು ಅನೇಕ ತಯಾರಕರು ತಮ್ಮ ಉಪಕರಣದ ವಿವರಗಳನ್ನು ಬಚ್ಚಿಟ್ಟುಕೊಂಡರು. ಪ್ರತಿಸ್ಪರ್ಧಿಗಳು ತಮ್ಮ ವಿದ್ಯೆಯನ್ನು ಕದ್ದಾರೆಂಬ ಭಯ ಅವರಿಗೆ. ಆಗ ಉತ್ಸಾಹಿಗಳು ಗುಟ್ಟನ್ನು ತಾವೇ ಬಿಡಿಸಹೊರಟರು. ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್ಪುಗಳ ವಿಷಯದಲ್ಲಿ ನಡೆದುದು ಇದೇ. ಒಂದು ತಂಡ, ಕಂಪನಿಯು ಬೇರೆ ವ್ಯವಸ್ಥೆಗೆಂದು ಕೊಟ್ಟಿದ್ದ ಡ್ರೈವರ್ ಏನು ಮಾಡುತ್ತದೆಂಬುದನ್ನು ಹೆಜ್ಜೆಹೆಜ್ಜೆಯಾಗಿ ಪರೀಕ್ಷಿಸಿ ವಿವರಣೆಯೊಂದನ್ನು ಬರೆಯಿತು. ಎರಡನೆಯ ತಂಡ ಆ ವಿವರಣೆಯನ್ನಷ್ಟೇ ಓದಿ ಹೊಸ ಡ್ರೈವರನ್ನು ರಚಿಸಿತು. ಕಂಪನಿಯ ಬರಹವನ್ನು ನಕಲು ಮಾಡಿದ ಆರೋಪ ಬಾರದಿರಲೆಂದು ಈ ಎಚ್ಚರಿಕೆ. 2006ರಲ್ಲಿ ಆ ಡ್ರೈವರ್ ಲಿನಕ್ಸನ್ನು ಸೇರಿತು. ಕಂಪನಿಯ ಕೈಪಿಡಿಯೊಂದು ದೊರೆತಿದ್ದರೆ ಎಷ್ಟು ಶ್ರಮ ಉಳಿಯುತ್ತಿದ್ದಿತೆಂಬುದನ್ನು ನಾವು ಊಹಿಸಿಕೊಳ್ಳಬಹುದು.

ಕಾಲಕ್ರಮದಲ್ಲಿ ತಯಾರಕರ ಮನಸ್ಸೂ ಬದಲಾಯಿತು. ಚಿತ್ರಗಳನ್ನು ಮೂಡಿಸುವ ಚಿಪ್ಪುಗಳನ್ನು ಮಾಡುತ್ತಿದ್ದ ಎಟಿಐ ಕಂಪನಿಯನ್ನು 2006ರಲ್ಲಿ ಕೊಂಡ ಎಎಂಡಿ, ಮರುವರ್ಷವೇ ಆ ಚಿಪ್ಪುಗಳ ವಿವರಗಳನ್ನು ಪ್ರಕಟಿಸಿ ಮುಕ್ತ ಡ್ರೈವರಿಗೆ ನೆರವಾಗುವುದಾಗಿ ಸಾರಿತು. 2010ರಲ್ಲಿ ಬ್ರಾಡ್‌ಕಾಮ್ ಸಹ ತನ್ನ ಕೆಲವು ವೈಫೈ ಚಿಪ್ಪುಗಳ ಡ್ರೈವರಿನ ಮೂಲಬರಹವನ್ನು ತಾನಾಗಿಯೇ ಕೊಟ್ಟಿತು.

ಕೊಡುವವರಿಗೆ ಲಾಭವೇನು?

ಇದು ಬರಿಯ ಔದಾರ್ಯವೆಂದು ಭಾವಿಸಲಾಗದು. ಒಂಬತ್ತು ಹತ್ತು ವಾರಗಳಿಗೊಮ್ಮೆ ಲಿನಕ್ಸಿನ ಹೊಸ ಆವೃತ್ತಿ ಹೊರಬರುತ್ತದೆ. ಕರ್ನೆಲೂ ಡ್ರೈವರೂ ಮಾತನಾಡಿಕೊಳ್ಳುವ ಒಳನಿಯಮಗಳು ಆಗಾಗ ಬದಲಾಗುತ್ತವೆ. ಹಾಗೆ ನಿಯಮವನ್ನು ಬದಲಾಯಿಸಿದವರು, ಅದನ್ನು ಬಳಸುವ ಡ್ರೈವರುಗಳನ್ನೂ ತಾವೇ ಸರಿಪಡಿಸಬೇಕೆಂಬುದು ಅಲ್ಲಿಯ ಪದ್ಧತಿ. ಆದರೆ ಈ ಉಪಕಾರ ಕರ್ನೆಲಿನ ಒಳಗಿರುವ ಡ್ರೈವರುಗಳಿಗೆ ಮಾತ್ರ. ಹೊರಗಿಟ್ಟುಕೊಂಡ ಡ್ರೈವರನ್ನು ಅದರ ಒಡೆಯನೇ ಪ್ರತಿ ಸಲವೂ ತಿದ್ದಿಕೊಳ್ಳಬೇಕು. ಊರ ಕೆರೆಗೆ ಸೇರಿದ ಕಾಲುವೆಯ ಹೂಳನ್ನು ಊರವರೆಲ್ಲ ಸೇರಿ ಎತ್ತುತ್ತಾರೆ. ಸ್ವಂತ ಬಾವಿಯ ಹೂಳನ್ನು ಎತ್ತುವ ಹೊಣೆ ಒಡೆಯನೊಬ್ಬನದೇ.

ಒಡೆಯನಿಗೆ ಬೇಸರವಾದರೆ ಏನಾಗುತ್ತದೆ? ಹೊಸ ಚಿಪ್ಪು ಮಾರುಕಟ್ಟೆಗೆ ಬಂದ ಮೇಲೆ ಹಳೆಯದರ ಡ್ರೈವರನ್ನು ತಿದ್ದುವುದರಿಂದ ಕಂಪನಿಗೆ ಹಣ ಹುಟ್ಟದು. ಫೋನು ಇನ್ನೂ ಗಟ್ಟಿಯಾಗಿರುವಾಗಲೇ ಅದಕ್ಕೆ ಹೊಸ ಆವೃತ್ತಿಗಳೂ ರಕ್ಷಣೆಯ ತಿದ್ದುಪಡಿಗಳೂ ನಿಂತುಹೋಗುವುದಕ್ಕೆ ಇದೊಂದು ಮುಖ್ಯ ಕಾರಣ. ಯಂತ್ರ ಸವೆಯುವ ಮುನ್ನವೇ ದುಭಾಷಿ ಮೂಕನಾಗುತ್ತಾನೆ. ನಾವು ಗಟ್ಟಿಯಾದ ಉಪಕರಣವನ್ನು ಕಸಕ್ಕೆ ಹಾಕುತ್ತೇವೆ.

ಕೊಡುವುದೂ ಒಂದು ಶಿಸ್ತು

ಕೊಟ್ಟದ್ದನ್ನೆಲ್ಲ ಕೂಡಲೇ ಸ್ವೀಕರಿಸುವರೆಂದು ತಿಳಿಯಬಾರದು. ಡ್ರೈವರನ್ನು ಸಣ್ಣ ಸಣ್ಣ ಭಾಗಗಳಾಗಿ ಬಿಡಿಸಿ ಎಲ್ಲರ ಮುಂದಿಡಬೇಕು. ಆ ವಿಭಾಗದ ಪಾಲಕರು ಸಾಲುಸಾಲನ್ನೂ ಓದಿ ತಪ್ಪುಗಳನ್ನು ತೋರಿಸುತ್ತಾರೆ. ಬರೆದವರು ಅದನ್ನು ಕೊಡುವ ಹಕ್ಕು ತಮಗಿದೆಯೆಂದು ಹೆಸರು ಹಾಕಿ ದೃಢಪಡಿಸಬೇಕು. ದೊಡ್ಡ ಕಂಪನಿಗಳಿಗೂ ಇದರಿಂದ ವಿನಾಯಿತಿಯಿಲ್ಲ. ಬ್ರಾಡ್‌ಕಾಮ್ 2010ರಲ್ಲಿ ಕೊಟ್ಟ ಡ್ರೈವರನ್ನು ಮೊದಲು ‘ಸ್ಟೇಜಿಂಗ್’ ಎಂಬ ಹೊರಜಗಲಿಯಲ್ಲಿ ಕೂರಿಸಲಾಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ತಿದ್ದಿದ ಬಳಿಕ, 2012ರ ಜನವರಿಯಲ್ಲಿ ಹೊರಬಂದ 3.2ನೆಯ ಆವೃತ್ತಿಯಲ್ಲಿ ಅದಕ್ಕೆ ಒಳಮನೆಯ ಪ್ರವೇಶ ದೊರೆಯಿತು.

ಎಲ್ಲ ಗುಟ್ಟುಗಳೂ ಬಯಲಾಗಿವೆಯೆಂದು ಹೇಳುವಂತಿಲ್ಲ. ಅನೇಕ ಉಪಕರಣಗಳ ಚಿಪ್ಪಿನೊಳಗೇ ನಡೆಯುವ ಫರ್ಮ್‌ವೇರ್ ಎಂಬ ತಂತ್ರಾಂಶವು ಇನ್ನೂ ಮುಚ್ಚಿದ ಪೆಟ್ಟಿಗೆಯಾಗಿಯೇ ಇದೆ. 2022ರಲ್ಲಿ ಎನ್‌ವಿಡಿಯಾ ಕಂಪನಿಯು ತನ್ನ ಡ್ರೈವರಿನ ಕರ್ನೆಲ್ ಭಾಗವನ್ನು ಪ್ರಕಟಿಸಿದಾಗಲೂ ಫರ್ಮ್‌ವೇರನ್ನು ಪ್ರಕಟಿಸಲಿಲ್ಲ. ದುಭಾಷಿಯ ಮಾತು ನಮಗೆ ತಿಳಿದರೂ ಯಂತ್ರದ ಮನಸ್ಸು ಪೂರ್ತಿಯಾಗಿ ತಿಳಿದಂತಾಗಲಿಲ್ಲ.

ಲಿನಕ್ಸಿನ ಮೂಲಬರಹದಲ್ಲಿ ‘ಡ್ರೈವರ್ಸ್’ ಎಂಬ ವಿಭಾಗವೊಂದಿದೆ. ವಿದ್ಯಾರ್ಥಿಗಳು ಅದನ್ನು ತೆರೆದು ನೋಡಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅಲ್ಲಿಯ ಎಷ್ಟೋ ಕಡತಗಳ ನೆತ್ತಿಯಲ್ಲಿ ಕಂಪನಿಗಳ ಹೆಸರುಗಳಿವೆ. ಅದರ ಕೆಳಗೆ ಯಾವ ಅಂಕಣದಲ್ಲಿ ಯಾವ ಅಂಕಿಯೆಂಬ ವಿವರಗಳಿವೆ. ಸ್ಟಾಲ್ಮನ್ ಅವರಿಗೆ ಅಂದು ಕೇಳಿದರೂ ಸಿಕ್ಕದಿದ್ದುದು ಇಂಥ ಬರಹವೇ. ಹೊಸ ಉಪಕರಣವನ್ನು ಕೊಳ್ಳುವಾಗ ನಾವು ಅದರ ಬೆಲೆಯನ್ನೂ ವೇಗವನ್ನೂ ವಿಚಾರಿಸುತ್ತೇವೆ. ಇನ್ನು ಮುಂದೆ ಮತ್ತೊಂದು ಪ್ರಶ್ನೆಯನ್ನೂ ಕೇಳುವುದು ಒಳ್ಳೆಯದು: ಇದನ್ನು ಮಾಡಿದವರು ಇದರ ದುಭಾಷಿಯನ್ನು ಲೋಕಕ್ಕೆ ಒಪ್ಪಿಸಿದ್ದಾರೆಯೆ?