ಮಾತು, ಭಾಷೆ, ಬೆಳವಣಿಗೆ: ಕಾತ್ರಜದಿಂದ ಕೆಲವು ಮುಖ್ಯಾಂಶಗಳು

ಕಾತ್ರಜ: ಪುಣೆ-ಸಾತಾರಾ ರಸ್ತೆಯಲ್ಲಿ, ಕಾತ್ರಜ-ಧನಕವಡಿ ಭಾಗದಲ್ಲಿ ಭಾರತಿ ವಿದ್ಯಾಪೀಠದ ಆವರಣವಿದೆ. ವಿದ್ಯಾಪೀಠವನ್ನು ಸ್ಥಾಪಿಸಿದವರು ಪತಂಗರಾವ್ ಕದಮ್, 1964ರಲ್ಲಿ. ಶ್ರವಣ ಹಾಗೂ ವಾಕ್-ಭಾಷಾ ಚಿಕಿತ್ಸೆ ಕಲಿಸುವ ಕಾಲೇಜು ಈ ಆವರಣದಲ್ಲೇ ಇದೆ. ಪದವಿಯ ಹೆಸರು ಬಿಎಎಸ್‌ಎಲ್‌ಪಿ. 3 ವರ್ಷ ಪಾಠ, 1 ವರ್ಷ ಇಂಟರ್ನ್‌ಶಿಪ್. ವೃತ್ತಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು (ಕಾಯ್ದೆ 1992).

ಗೊಂದಲವಾಗುವ ಜೋಡಿ: ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (1965) ಕೇಂದ್ರ ಆರೋಗ್ಯ ಸಚಿವಾಲಯದ ಅಡಿಯಲ್ಲಿದೆ. ಮುಂಬೈನ ಅಲಿ ಯಾವರ್ ಜಂಗ್ ಸಂಸ್ಥೆ (1983) ಸಾಮಾಜಿಕ ನ್ಯಾಯ ಸಚಿವಾಲಯದ್ದು.

ಕಾಯ್ದೆ: ಅಂಗವಿಕಲರ ಹಕ್ಕುಗಳ ಅಧಿನಿಯಮ 2016, ಜಾರಿ 19-4-2017. 1995ರ ಕಾಯ್ದೆಯ 7 ಬಗೆಯ ವೈಕಲ್ಯಗಳು ಇಲ್ಲಿ 21 ಆದವು. ಸೌಲಭ್ಯಕ್ಕೆ ಕನಿಷ್ಠ 40% ವೈಕಲ್ಯ ಇರಬೇಕು. ಉನ್ನತ ಶಿಕ್ಷಣದಲ್ಲಿ 5%, ಸರ್ಕಾರಿ ಹುದ್ದೆಯಲ್ಲಿ 4% ಮೀಸಲು.

ಓದುವವರು ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವ ಜಾಗ ಇದು. ಕಾಯ್ದೆ 'ವಾಕ್ ಮತ್ತು ಭಾಷಾ ವೈಕಲ್ಯ' ಎನ್ನುವುದು ಶಾಶ್ವತವಾದದ್ದಕ್ಕೆ. ಗಂಟಲಿನ ಧ್ವನಿಪೆಟ್ಟಿಗೆ ತೆಗೆದದ್ದು, ಅಫೇಸಿಯಾ (ಮಿದುಳಿನ ಹಾನಿಯಿಂದಾಗುವ ಭಾಷಾ ತೊಂದರೆ) ಅದರ ಉದಾಹರಣೆಗಳು. ಬೆಳವಣಿಗೆಯ ಅಫೇಸಿಯಾ ಮಾತ್ರ ಡಿಸ್ಲೆಕ್ಸಿಯಾದ ಜೊತೆ 'ನಿರ್ದಿಷ್ಟ ಕಲಿಕಾ ನ್ಯೂನತೆ'ಯಲ್ಲಿ ಕೂತಿದೆ. ಉಗ್ಗಿನ ಹೆಸರೇ ಕಾಯ್ದೆಯಲ್ಲಿಲ್ಲ. ಇನ್ನೂ ವಿಚಿತ್ರವೆಂದರೆ ಶಿಕ್ಷಣದ ಮೀಸಲಿಗೆ (ಕಲಂ 32) ವಾಕ್-ಭಾಷಾ ವೈಕಲ್ಯ ಸಲ್ಲುತ್ತದೆ, ಹುದ್ದೆಯ ಮೀಸಲಿನ ಪಟ್ಟಿಯಲ್ಲಿ (ಕಲಂ 34) ಅದಿಲ್ಲ. ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ ಮೂರೂ ಅಲ್ಲಿವೆ. ಏಕೆ ಬಿಟ್ಟರು ಎಂದು ಯಾರಾದರೂ ಕೇಳಬೇಕು.

2024ರ ತೀರ್ಪು: ಮಹಾರಾಷ್ಟ್ರದ ಎಂಬಿಬಿಎಸ್ ಆಕಾಂಕ್ಷಿಯೊಬ್ಬರಿಗೆ 40% ಮೀರಿದ ವಾಕ್-ಭಾಷಾ ವೈಕಲ್ಯವಿದೆ ಎಂದು ಪ್ರವೇಶ ನಿರಾಕರಿಸಲಾಗಿತ್ತು. ಬರೀ ಶೇಕಡಾವಾರು ನೋಡಿ ಅನರ್ಹಗೊಳಿಸುವಂತಿಲ್ಲ, ಓದನ್ನು ನಿಭಾಯಿಸಬಲ್ಲರೇ ಎಂದು ಅಂಗವೈಕಲ್ಯ ಮೌಲ್ಯಮಾಪನ ಮಂಡಳಿ ಪರಿಶೀಲಿಸಬೇಕು ಎಂದಿತು ಸುಪ್ರೀಂ ಕೋರ್ಟ್ (15-10-2024).

ನ್ಯಾಷನಲ್ ಟ್ರಸ್ಟ್ ಕಾಯ್ದೆ 1999: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ. ಇದು ಅನ್ವಯಿಸುವುದು ಈ ನಾಲ್ಕಕ್ಕೇ. ಇದರಡಿಯ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ.

2011ರ ಜನಗಣತಿ: ಅಂಗವಿಕಲರು 2.68 ಕೋಟಿ, ಮಾತಿನ ತೊಂದರೆ ಇರುವವರು ಸುಮಾರು 20 ಲಕ್ಷ.

ಮಗುವಿನಲ್ಲಿ ಎಚ್ಚರದ ಗುರುತು: 12 ತಿಂಗಳಿಗೂ ತೊದಲುನುಡಿ ಇಲ್ಲ, 16 ತಿಂಗಳಿಗೂ ಒಂದು ಪದವಿಲ್ಲ, 2 ವರ್ಷಕ್ಕೂ ಎರಡು ಪದ ಸೇರಿಸುವುದಿಲ್ಲ. ಆಗ ಮೊದಲು ಕಿವಿಯ ಪರೀಕ್ಷೆ. ನಾಲಿಗೆಗೆ ಬಜೆ ತೇಯ್ದು ಹಚ್ಚಿ, 'ಅವನಪ್ಪನೂ ತಡವಾಗೇ ಮಾತಾಡಿದ್ದು' ಎಂದು ಕಾಯುವಷ್ಟರಲ್ಲಿ ಕಲಿಯುವ ವಯಸ್ಸು ಜಾರುತ್ತದೆ. ಮನೆಯಲ್ಲಿ 'ಹೇಳು, ಹೇಳು' ಎಂದು ಒತ್ತಾಯಿಸುವ ಬದಲು, ಮಗು ನೋಡುತ್ತಿರುವುದರ ಹೆಸರು ಹೇಳಿ ಸುಮ್ಮನಿದ್ದು ಸರದಿ ಕೊಡಬೇಕು. ಮಾತು ಬಾರದವರಿಗೆ ಚಿತ್ರದ ಕಾರ್ಡು, ಸನ್ನೆ; ಇವು ಮಾತನ್ನು ತಡೆಯುವುದಿಲ್ಲ.

ಕನ್ನಡದ ಮನೆ, ಮರಾಠಿಯ ಬೀದಿ: ಬೆಳಗಾವಿ, ವಿಜಯಪುರ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದವರ ಮಕ್ಕಳದು ಇದೇ ಕಥೆ. ಎರಡು ಭಾಷೆ ಕೇಳುವುದರಿಂದ ಭಾಷಾ ತೊಂದರೆ ಹುಟ್ಟುವುದಿಲ್ಲ. ತೊಂದರೆ ಇದ್ದರೆ ಎರಡರಲ್ಲೂ ಕಾಣುತ್ತದೆ. ಮರಾಠಿಯಲ್ಲಷ್ಟೇ ಹಿಂದಿದ್ದರೆ ಆ ಭಾಷೆ ಸಾಕಷ್ಟು ಕಿವಿಗೆ ಬಿದ್ದಿಲ್ಲ, ಅಷ್ಟೇ. 'ಮನೆಯಲ್ಲಿ ಕನ್ನಡ ಬಿಡಿ' ಎಂಬ ಸಲಹೆಗೆ ಆಧಾರವಿಲ್ಲ. ಅಜ್ಜಿಯ ಜೊತೆ ಮಗು ಆಡುವ ಮಾತೂ ಅದರಿಂದ ನಿಲ್ಲುತ್ತದೆ.

ಪರೀಕ್ಷೆ ಮನೆಮಾತಿನಲ್ಲೂ ನಡೆಯಬೇಕು. ಕನ್ನಡ ಉಚ್ಚಾರಣಾ ಪರೀಕ್ಷೆಯನ್ನು ಬಾಬು, ರತ್ನ, ಬೆಟಗೇರಿ 1972ರಲ್ಲೇ ರೂಪಿಸಿದ್ದರು. ಆಡುಗನ್ನಡದಲ್ಲಿ ಮಹಾಪ್ರಾಣ ಸಡಿಲ, ಹಾಗಾಗಿ ನಮ್ಮ ಮಗು ಮರಾಠಿಯ 'ಭಾಜಿ'ಯನ್ನು 'ಬಾಜಿ', 'ಘರ'ವನ್ನು 'ಗರ' ಎಂದೀತು. ಹಳೆ ಮೈಸೂರಿನ ಮಗು 'ಹಾಲು' ಎನ್ನಲು 'ಆಲು' ಎಂದೀತು. ಎರಡೂ ಆಡುನುಡಿಯ ಗುರುತು; ಉಚ್ಚಾರಣಾ ದೋಷವೆಂದು ಬರೆದರೆ ತಪ್ಪು. 'ಳ' ಎರಡೂ ಭಾಷೆಯಲ್ಲಿದೆ. ದೊಡ್ಡ ಮಗು ಮನೆಯವರೆಲ್ಲ 'ಮಳೆ' ಎನ್ನುವಲ್ಲಿ ತಾನೊಬ್ಬನೇ 'ಮಲೆ' ಎನ್ನುತ್ತಿದ್ದರೆ ಅದನ್ನು ಬರೆದುಕೊಳ್ಳಬೇಕು.