ಬೆಳಕಿಗೆ ಬರಲಿ ಕರುಳಿನ ಗಂಟು
ಕೊಲೊನೋಸ್ಕೋಪಿಗೆ ಸಜ್ಜಾಗುವುದು ಹೇಗೆ? ಹಂತ ಹಂತದ ಮಾಹಿತಿ

ಮಲದಲ್ಲಿ ರಕ್ತ ಕಂಡರೆ ‘ಉಷ್ಣ ಆಗಿರಬೇಕು’, ‘ಮೂಲವ್ಯಾಧಿ ಇರಬೇಕು’ ಎಂದು ಎಳನೀರು ಕುಡಿದು ಸುಮ್ಮನಾಗುವವರು ನಮ್ಮಲ್ಲಿ ಬಹಳ. ಎಷ್ಟೋ ಸಲ ಅದು ಮೂಲವ್ಯಾಧಿಯೇ ಆಗಿರುತ್ತದೆ. ಆದರೆ ದೊಡ್ಡಕರುಳಿನ ಕ್ಯಾನ್ಸರ್ ಕೂಡ ಹೀಗೆಯೇ ಕಾಣಿಸಿಕೊಳ್ಳಬಹುದು. ಈ ಕ್ಯಾನ್ಸರ್ ಬಹುಪಾಲು ಹುಟ್ಟುವುದು ಕರುಳಿನ ಒಳಪದರದಲ್ಲಿ ಏಳುವ ಪಾಲಿಪ್ ಎಂಬ ಸಣ್ಣ ಗಂಟಿನಿಂದ. ಗಂಟು ಕ್ಯಾನ್ಸರಿಗೆ ತಿರುಗಲು ಸಾಮಾನ್ಯವಾಗಿ 10 ವರ್ಷದಷ್ಟು ಹಿಡಿಯುತ್ತದೆ. ಅಷ್ಟರೊಳಗೆ ಪತ್ತೆ ಹಚ್ಚಿ ತೆಗೆದುಹಾಕಿದರೆ ಆ ಗಂಟಿನ ಅಪಾಯ ಅಲ್ಲಿಗೇ ಮುಗಿಯಿತು. ಕ್ಯಾಮೆರಾ ಕೊಳವೆಯಿಂದ ದೊಡ್ಡಕರುಳಿನ ಒಳಗನ್ನು ನೋಡುವ ಕೊಲೊನೋಸ್ಕೋಪಿ ಪರೀಕ್ಷೆಯಲ್ಲಿ ಗಂಟನ್ನು ತೋರಿಸುವುದು ಬೆಳಕು. ಅದಕ್ಕೆ ದಾರಿ ಮಾಡಿಕೊಡಬೇಕಾದವರು ನೀವು.

1. ಪರೀಕ್ಷೆ ಯಾರಿಗೆ ಬೇಕು?

ಮಲದಲ್ಲಿ ರಕ್ತ, ವಾರಗಟ್ಟಲೆ ಮಲವಿಸರ್ಜನೆಯಲ್ಲಿ ಬದಲಾವಣೆ, ಕಾರಣವಿಲ್ಲದೆ ತೂಕ ಇಳಿಯುವುದು, ಕಬ್ಬಿಣಾಂಶದ ಕೊರತೆಯ ರಕ್ತಹೀನತೆ – ಇವುಗಳಲ್ಲಿ ಯಾವುದಿದ್ದರೂ ವಯಸ್ಸು ನೋಡದೆ ವೈದ್ಯರಲ್ಲಿಗೆ ಹೋಗಿ. ಹೆತ್ತವರಿಗೋ ಒಡಹುಟ್ಟಿದವರಿಗೋ ಈ ಕ್ಯಾನ್ಸರ್ ಬಂದಿದ್ದರೆ 40ನೇ ವಯಸ್ಸಿಗೆ, ಇಲ್ಲವೇ ಅವರಿಗೆ ರೋಗ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಆಗ ತಪಾಸಣೆ ಶುರು ಮಾಡಬೇಕು. ಅಮೆರಿಕದಲ್ಲಿ ಲಕ್ಷಣಗಳಿಲ್ಲದವರಿಗೂ 45ರಿಂದ ತಪಾಸಣೆಗೆ ಸಲಹೆಯಿದೆ. ನಮ್ಮ ಸರ್ಕಾರಿ ತಪಾಸಣೆ ಕಾರ್ಯಕ್ರಮ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರಿಗೆ ಮೀಸಲು. ಕರುಳಿನ ವಿಷಯವನ್ನು ನೀವೇ ಎತ್ತಬೇಕು.

2. ಯಾವ ಬೆಳಕು ಎಂದು ಕೇಳಿ

ಸಾಮಾನ್ಯ ಬಿಳಿ ಬೆಳಕಿನಲ್ಲಿ ಎದ್ದು ನಿಂತ ಪಾಲಿಪ್ ಸುಲಭವಾಗಿ ಕಾಣುತ್ತದೆ. ಚಪ್ಪಟೆಯಾದದ್ದು ಸುತ್ತಲಿನ ಗುಲಾಬಿ ಬಣ್ಣದಲ್ಲಿ ಬೆರೆತು ಕಣ್ತಪ್ಪಬಹುದು. ಅದಕ್ಕಾಗಿಯೇ ‘ನ್ಯಾರೋ ಬ್ಯಾಂಡ್ ಇಮೇಜಿಂಗ್’ ಇದೆ. ಇದರಲ್ಲಿ 415 ನ್ಯಾನೋಮೀಟರಿನ ನೀಲಿ ಮತ್ತು 540 ನ್ಯಾನೋಮೀಟರಿನ ಹಸಿರು ಬೆಳಕನ್ನಷ್ಟೇ ಹಾಯಿಸುತ್ತಾರೆ. ಎರಡನ್ನೂ ರಕ್ತದ ಹಿಮೋಗ್ಲೋಬಿನ್ ಹೀರಿಕೊಳ್ಳುತ್ತದೆ. ಹಾಗಾಗಿ ಮೇಲ್ಪದರದ ಸೂಕ್ಷ್ಮ ರಕ್ತನಾಳಗಳು ಪರದೆಯ ಮೇಲೆ ಕಂದಾಗಿ, ಆಳದವು ನೀಲಿಹಸಿರಾಗಿ ಕಾಣುತ್ತವೆ. ಕ್ಯಾನ್ಸರಿನತ್ತ ಹೊರಟ ಗಂಟಿನಲ್ಲಿ ನಾಳಗಳ ಜಾಲ ದಟ್ಟವಾಗಿರುವುದರಿಂದ ಆ ಜಾಗ ಕಂದುಬಣ್ಣದಲ್ಲಿ ಎದ್ದು ತೋರುತ್ತದೆ.

ಇನ್ನೊಂದು ವಿಧಾನ, ಇಂಡಿಗೋ ಕಾರ್ಮೈನ್ ಎಂಬ ನೀಲಿ ಬಣ್ಣ ಸಿಂಪಡಿಸುವುದು. ಬಣ್ಣ ಒಳಪದರದ ಸಣ್ಣ ಗುಳಿಗಳಲ್ಲಿ ನಿಂತು ಅವುಗಳ ವಿನ್ಯಾಸ ತೋರಿಸುತ್ತದೆ. ಜಪಾನಿನ ವೈದ್ಯ ಶಿನ್‌-ಎಯ್ ಕುಡೋ ಮಾಡಿದ ವರ್ಗೀಕರಣದ ನೆರವಿನಿಂದ ವೈದ್ಯರು ಆ ವಿನ್ಯಾಸವನ್ನು ಓದುತ್ತಾರೆ. ಸಿ.ವಿ. ರಾಮನ್ 1928ರ ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದ ಬೆಳಕಿನ ಚದುರುವಿಕೆಯನ್ನೂ ಕರುಳಿನ ಕ್ಯಾನ್ಸರ್ ಪತ್ತೆಗೆ ಬಳಸುವ ಸಂಶೋಧನೆ ನಡೆದಿದೆ. ಅದು ಇನ್ನೂ ದಿನನಿತ್ಯದ ಪರೀಕ್ಷೆಯಾಗಿಲ್ಲ.

ವೈದ್ಯರನ್ನು ಕೇಳಬೇಕಾದದ್ದು: ಉಪಕರಣ ಹೈ ಡೆಫಿನಿಷನ್ನಿನದೇ? ನ್ಯಾರೋ ಬ್ಯಾಂಡ್ ಅಥವಾ ಅಂಥ ಸೌಲಭ್ಯವಿದೆಯೇ? ಪಾಲಿಪ್ ಸಿಕ್ಕರೆ ಆಗಲೇ ತೆಗೆಯುವಿರಾ?

3. ಊಟ, ಔಷಧಿ

ಎರಡು ಮೂರು ದಿನ ಮುಂಚೆಯೇ ರಾಗಿ, ಸೊಪ್ಪು, ಕಾಳು, ಸೀಬೆ, ಬೀಜವಿರುವ ತರಕಾರಿ ಬಿಡಿ. ಬಿಳಿ ಅನ್ನ, ಇಡ್ಲಿ ಆಗಬಹುದು. ಹಿಂದಿನ ದಿನ ಸೋಸಿದ ತಿಳಿಸಾರು, ಎಳನೀರು, ಸೋಸಿದ ನಿಂಬೆ ಪಾನಕದಂಥ ತಿಳಿ ದ್ರವವಷ್ಟೇ. ಬೀಟ್‌ರೂಟ್, ದಾಳಿಂಬೆ, ದ್ರಾಕ್ಷಿ ರಸ ಬೇಡ. ಆ ಕೆಂಪು ರಕ್ತವೆಂದೇ ತೋರಬಹುದು. ಕಬ್ಬಿಣದ ಮಾತ್ರೆಯನ್ನು ವಾರ ಮೊದಲೇ ನಿಲ್ಲಿಸಬೇಕಾಗಬಹುದು. ರಕ್ತ ತೆಳುವಾಗಿಸುವ ಮತ್ತು ಸಕ್ಕರೆ ಕಾಯಿಲೆಯ ಔಷಧಿಗಳನ್ನು ಮಾತ್ರ ವೈದ್ಯರನ್ನು ಕೇಳದೆ ಬಿಡಬೇಡಿ.

4. ಕರುಳು ತೊಳೆಯುವುದು

ಹಲವರು ಸೋಲುವುದು ಇಲ್ಲಿ. ಕೊಟ್ಟ ಭೇದಿ ದ್ರಾವಣದ ಅರ್ಧ ಭಾಗ ಹಿಂದಿನ ರಾತ್ರಿಗೆ. ಉಳಿದರ್ಧವನ್ನು ಪರೀಕ್ಷೆಗೆ 4ರಿಂದ 6 ಗಂಟೆ ಮೊದಲು ಶುರು ಮಾಡಿ, ಕನಿಷ್ಠ 2 ಗಂಟೆ ಮೊದಲು ಮುಗಿಸಬೇಕು. ತಣ್ಣಗೆ ಮಾಡಿಕೊಂಡರೆ ಕುಡಿಯುವುದು ಸುಲಭ. ಕೊನೆಕೊನೆಗೆ ತಿಳಿ ಹಳದಿ ನೀರಷ್ಟೇ ಹೋಗುತ್ತಿದ್ದರೆ ಕರುಳು ಸಿದ್ಧ. ಇನ್ನೂ ಕಂದಾಗಿ, ಕದಡಿಕೊಂಡು ಹೋಗುತ್ತಿದ್ದರೆ ಮುಚ್ಚಿಡದೆ ಆಸ್ಪತ್ರೆಗೆ ತಿಳಿಸಿ. ಮಲ ಮುಚ್ಚಿಕೊಂಡ ಗಂಟನ್ನು ಎಂಥ ಬೆಳಕೂ ತೋರಿಸಲಾರದು.

5. ಪರೀಕ್ಷೆಯ ದಿನ

ಜೊತೆಗೊಬ್ಬರು ಇರಲಿ. ಮಂಪರು ಔಷಧಿ ಕೊಡುವುದರಿಂದ 24 ಗಂಟೆ ವಾಹನ ಓಡಿಸಬಾರದು. ಕ್ಯಾಮೆರಾ ಕೊಳವೆಯನ್ನು ದೊಡ್ಡಕರುಳಿನ ತುದಿವರೆಗೂ ಒಯ್ದು, ಹಿಂದಕ್ಕೆ ಎಳೆದುಕೊಳ್ಳುತ್ತಾ ಒಳಗೋಡೆಯನ್ನು ನೋಡುತ್ತಾರೆ. ಈ ಹಿಂತೆಗೆತಕ್ಕೆ ಕನಿಷ್ಠ 6 ನಿಮಿಷ ಬೇಕೆಂಬುದು ಬಹುಕಾಲ ಒಪ್ಪಿತವಾಗಿದ್ದ ಮಾನದಂಡ. ಕ್ಯಾನ್ಸರಿಗೆ ತಿರುಗಬಲ್ಲ ಪಾಲಿಪ್‌ಗಳನ್ನು ವೈದ್ಯರು ಪತ್ತೆ ಹಚ್ಚುವ ಪ್ರಮಾಣ ಶೇ 1ರಷ್ಟು ಹೆಚ್ಚಿದಂತೆ ಅವರ ರೋಗಿಗಳಿಗೆ ಮುಂದೆ ಕ್ಯಾನ್ಸರ್ ಬರುವ ಅಪಾಯ ಶೇ 3ರಷ್ಟು ಇಳಿಯುವುದನ್ನು ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ಮನೆಗೆ ಬಂದ ಮೇಲೆ ತೀವ್ರ ಹೊಟ್ಟೆನೋವು, ಜ್ವರ, ಹೆಚ್ಚು ರಕ್ತಸ್ರಾವ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಕರುಳಿಗೆ ತೂತಾಗುವುದು ಅಪರೂಪವಾದರೂ ತುರ್ತು ಸಂಗತಿ.

6. ವರದಿ ಓದಿ

ಕೊಳವೆ ದೊಡ್ಡಕರುಳಿನ ತುದಿಯಾದ ‘ಸೀಕಮ್’ ತಲುಪಿತೇ, ಪಾಲಿಪ್ ಎಷ್ಟು, ಗಾತ್ರವೇನು, ಪೂರ್ತಿ ತೆಗೆದರೇ ಎಂಬುದನ್ನು ನೋಡಿ. ‘ಬಾಸ್ಟನ್ ಸ್ಕೋರ್’ ಕರುಳಿನ ಸ್ವಚ್ಛತೆಯ ಅಂಕ. ಒಟ್ಟು 9ಕ್ಕೆ ಕನಿಷ್ಠ 6, ಮೂರು ಭಾಗಗಳಲ್ಲೂ ತಲಾ 2 ಇದ್ದರೆ ಸಮಾಧಾನಕರ. ಕಡಿಮೆಯಿದ್ದರೆ ‘ನಾರ್ಮಲ್’ ಎಂಬ ಮಾತನ್ನು ಪೂರ್ತಿ ನೆಚ್ಚಬೇಡಿ, ಮತ್ತೆ ಯಾವಾಗ ಪರೀಕ್ಷೆ ಎಂದು ಕೇಳಿ. ತೆಗೆದ ಗಂಟಿನ ಬಯಾಪ್ಸಿ ವರದಿ ಬರುವವರೆಗೆ ಪರೀಕ್ಷೆ ಮುಗಿದಿಲ್ಲವೆಂದೇ ತಿಳಿಯಿರಿ.

ದೊಡ್ಡ ಪಾಲಿಪ್ ಅಥವಾ ಕ್ಯಾನ್ಸರ್ ಸಿಕ್ಕಿದ್ದರೆ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ, ಬೆಳೆದ ಮಕ್ಕಳಿಗೆ ಹೇಳಿ. ಅವರ ತಪಾಸಣೆಯ ವಯಸ್ಸು ನಿರ್ಧಾರವಾಗುವುದು ನಿಮ್ಮ ವರದಿಯಿಂದಲೇ.