ಇಟ್ಟಿಗಿಯ ಬಯಲಿನಲ್ಲಿ ವಸಂತದ ಮೊದಲ ಕುರುಹುಗಳು

ಋತುಗಳು ಆರು ಎಂಬುದನ್ನು ನಮ್ಮ ಮಕ್ಕಳು ಪ್ರಾಥಮಿಕ ತರಗತಿಯಲ್ಲಿಯೇ ಕಂಠಸ್ಥ ಮಾಡುತ್ತಾರೆ. ಚೈತ್ರ-ವೈಶಾಖ ವಸಂತ ಋತು ಎಂದು ಆರಂಭಿಸಿ, ಮಾಘ-ಫಾಲ್ಗುಣ ಶಿಶಿರ ಋತು ಎಂಬಲ್ಲಿಯವರೆಗೆ ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ಅದೇ ಮಕ್ಕಳನ್ನು, ‘ಈ ವರ್ಷ ಶಾಲೆಯ ಅಂಗಳದ ಬೇವು ಯಾವ ದಿನ ಚಿಗುರಿತು? ಕೋಗಿಲೆ ಮೊದಲು ಕೂಗಿದ್ದು ಎಂದು?’ ಎಂದು ಕೇಳಿದರೆ ಉತ್ತರ ಬರುವುದು ವಿರಳ. ಋತುವಿನ ಹೆಸರು ಬಲ್ಲವರು ಅನೇಕರು. ಋತು ಬಂದುದನ್ನು ಕಣ್ಣಾರೆ ಕಂಡು ಗುರುತಿಟ್ಟವರು ಕೆಲವರು. ಈ ಅಂತರವನ್ನು ತುಸುವಾದರೂ ಕಡಿಮೆ ಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ಶೀತದೇಶಗಳಲ್ಲಿ ವಸಂತವೆಂದರೆ ಹಿಮ ಕರಗುವುದು, ಹೆಪ್ಪುಗಟ್ಟಿದ ನೆಲ ಸಡಿಲಗೊಂಡು ಹುಲ್ಲು ಮೊಳೆಯುವುದು. ನಮ್ಮ ಪ್ರಾಚೀನ ಕಾವ್ಯಗಳ ವಸಂತವೆಂದರೆ ಮಲಯಮಾರುತ, ಮಾಮರ, ದುಂಬಿಗಳ ಝೇಂಕಾರ. ಇಟ್ಟಿಗಿಯ ಬಯಲಿನ ವಸಂತ ಇವೆರಡಕ್ಕಿಂತಲೂ ಭಿನ್ನವಾದುದು. ಇಲ್ಲಿ ಕರಗಲು ಹಿಮವಿಲ್ಲ. ಮಲಯಮಾರುತದ ಬದಲು ಒಣಗಾಳಿ ಬೀಸುತ್ತದೆ. ಹಳ್ಳಕೊಳ್ಳಗಳು ಬತ್ತಿ, ಎರೆಭೂಮಿ ಬಿರುಕು ಬಿಡುವ ದಿನಗಳಲ್ಲಿಯೇ ಮರಗಳು ಹೊಸ ಎಲೆ ತೊಡುತ್ತವೆ. ಆದ್ದರಿಂದ ಇಲ್ಲಿಯ ವಸಂತದ ಮೊದಲ ಕುರುಹು ಚಿಗುರಲ್ಲ, ಉದುರಿದ ಎಲೆ. ಇದನ್ನು ಅರಿತವನಿಗೆ ಮಾತ್ರ ಮುಂದಿನ ಕುರುಹುಗಳು ಒಂದೊಂದಾಗಿ ಗೋಚರವಾಗುತ್ತವೆ.

ಹಗಲಿನ ಲೆಕ್ಕ

ಇಟ್ಟಿಗಿಯು ಹೂವಿನಹಡಗಲಿ ತಾಲ್ಲೂಕಿನ ಒಂದು ಹೋಬಳಿಯ ಊರು. ೨೦೨೧ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಗೆ ಈ ತಾಲ್ಲೂಕು ಸೇರಿದೆ. ಭೂಗೋಳದ ದೃಷ್ಟಿಯಿಂದ ನಾವು ಉತ್ತರ ಅಕ್ಷಾಂಶ ಸುಮಾರು ೧೫ ಡಿಗ್ರಿಯ ಸಮೀಪದಲ್ಲಿದ್ದೇವೆ. ಡಿಸೆಂಬರ್ ೨೧ ಅಥವಾ ೨೨ರಂದು ನಮ್ಮಲ್ಲಿ ಹಗಲಿನ ಪ್ರಮಾಣ ಸುಮಾರು ೧೧ ಗಂಟೆ ೧೫ ನಿಮಿಷ. ಅಂದಿನಿಂದ ಹಗಲು ದಿನೇ ದಿನೇ ಬೆಳೆಯುತ್ತದೆ. ಶಿವರಾತ್ರಿಯ ಹೊತ್ತಿಗೆ ಸುಮಾರು ಅರ್ಧ ಗಂಟೆ, ಮಾರ್ಚ್ ೨೦-೨೧ರ ಸಮರಾತ್ರಿಯ ವೇಳೆಗೆ ಮುಕ್ಕಾಲು ಗಂಟೆಗೂ ಮಿಕ್ಕಿ ಹೆಚ್ಚಿರುತ್ತದೆ. ಶಿವರಾತ್ರಿಗೆ ಚಳಿಯು ‘ಶಿವ ಶಿವ’ ಎಂದು ಹೊರಟುಹೋಗುತ್ತದೆಂದು ನಮ್ಮ ಹಿರಿಯರು ಆಡುತ್ತಿದ್ದ ಮಾತು ವಿನೋದದ್ದಾದರೂ ಅದರ ಹಿಂದೆ ಈ ಲೆಕ್ಕವಿದೆ.

ಮನುಷ್ಯನ ಗಮನಕ್ಕೆ ಬಾರದ ಈ ಬೆಳಕಿನ ಏರಿಕೆಯನ್ನು ಮರಗಳೂ ಪಕ್ಷಿಗಳೂ ಗ್ರಹಿಸುತ್ತವೆ. ಸಮಭಾಜಕಕ್ಕೆ ಹತ್ತಿರವಿರುವ ನಾಡಿನಲ್ಲಿ ಹಗಲಿನ ವ್ಯತ್ಯಾಸ ಅಲ್ಪವೇ ಆದರೂ ಅನೇಕ ಸಸ್ಯಗಳಿಗೆ ಅಷ್ಟೇ ಸಾಕು. ಅದರೊಡನೆ ಉಷ್ಣತೆ ಮತ್ತು ನೆಲದ ತೇವ ಸೇರಿ ಚಿಗುರಿನ ಕಾಲವನ್ನು ನಿರ್ಣಯಿಸುತ್ತವೆ.

ಕುರುಹುಗಳ ಅನುಕ್ರಮ

ಚಳಿ ಇನ್ನೂ ಗಾಢವಾಗಿರುವಾಗಲೇ, ಹಾಲುದುಂಬಿದ ಜೋಳದ ತೆನೆಯನ್ನು ಸುಟ್ಟು ಸೀತನಿ ತಿನ್ನುವ ದಿನಗಳಲ್ಲಿ, ಮಾವು ಹೂ ಬಿಡತೊಡಗುತ್ತದೆ. ಮಾವಿನ ಹೂವಿಗೆ ತಂಪಾದ ರಾತ್ರಿಗಳು ಬೇಕು. ಚಳಿ ಸಾಲದೆ ಹೋದರೆ ಕೊಂಬೆಯ ತುದಿಯಲ್ಲಿ ಹೂಗೊಂಚಲಿನ ಬದಲು ಎಲೆಯೇ ಮೂಡುತ್ತದೆ. ಆದ್ದರಿಂದ ಮಾವಿನ ಹೂವನ್ನು ವಸಂತದ ದೂತನೆಂದು ಕವಿಗಳು ಕರೆದರೂ, ನಿಜಕ್ಕೂ ಅದು ಚಳಿಗಾಲದ ಕೊಡುಗೆ.

ಮಾಘಮಾಸದ ಭರತ ಹುಣ್ಣಿಮೆಗೆ ನಮ್ಮ ತಾಲ್ಲೂಕಿನ ಮೈಲಾರದಲ್ಲಿ ಜಾತ್ರೆ ನೆರೆಯುತ್ತದೆ. ಮಳೆಬೆಳೆಗಳ ಮುನ್ಸೂಚನೆಯೆಂದು ಭಾವಿಸಿ ರೈತಜನ ಕಾರಣಿಕದ ನುಡಿಗೆ ಕಿವಿಗೊಡುತ್ತಾರೆ. ಮಾಘ ಬಹುಳದಲ್ಲಿ ಕೊಟ್ಟೂರೇಶ್ವರರ ತೇರು. ಈ ಎರಡು ಜಾತ್ರೆಗಳಿಗೆ ನಡೆದು ಹೋಗುವ ಭಕ್ತರು ದಾರಿಯುದ್ದಕ್ಕೂ ನೋಡಬಹುದಾದ ಮರಗಳೆಂದರೆ ಬೂರುಗ ಮತ್ತು ಮುತ್ತುಗ. ಎಲೆಗಳನ್ನೆಲ್ಲ ಕಳಚಿ ಬರಿಗೊಂಬೆಯಾಗಿ ನಿಂತ ಮರದಲ್ಲಿ ಕೆಂಪು ಹೂಗಳು ಮಾತ್ರ ತುಂಬಿರುತ್ತವೆ. ಮುತ್ತುಗದ ಹೂ ಗಿಣಿಯ ಕೊಕ್ಕಿನಂತೆ ಬಾಗಿದೆ. ಸಂಸ್ಕೃತದವರು ಅದನ್ನು ‘ಕಿಂಶುಕ’, ಇದೇನು ಗಿಣಿಯೋ, ಎಂದು ಕರೆದುದು ಯುಕ್ತವಾಗಿದೆ. ಸೂರಕ್ಕಿಗಳೂ ಕಬ್ಬಕ್ಕಿಗಳೂ ಮಕರಂದಕ್ಕಾಗಿ ಇಲ್ಲಿ ಮುತ್ತುತ್ತವೆ. ಹಿಂದೆ ಓಕುಳಿಯ ಬಣ್ಣವನ್ನು ಈ ಹೂವಿನಿಂದಲೇ ತೆಗೆಯುತ್ತಿದ್ದರು.

ಅನಂತರ ಬೇವಿನ ಸರದಿ. ಅಂಗಳ ಗುಡಿಸುವ ತಾಯಂದಿರಿಗೆ ಇದು ಮೊದಲು ತಿಳಿಯುತ್ತದೆ: ಬೆಳಗ್ಗೆ ಗುಡಿಸಿದ ನೆಲ ಮಧ್ಯಾಹ್ನದೊಳಗೆ ಹಳದಿ ಎಲೆಗಳಿಂದ ಮುಚ್ಚಿಹೋಗುತ್ತದೆ. ಕೆಲವೇ ದಿನಗಳಲ್ಲಿ ತಾಮ್ರವರ್ಣದ ಎಳೆಚಿಗುರು ಕಾಣಿಸಿಕೊಂಡು, ಮುಂದೆ ಹಸುರಾಗಿ, ಯುಗಾದಿಯ ಆಸುಪಾಸಿನಲ್ಲಿ ಬಿಳಿಯ ಸಣ್ಣ ಹೂಗಳಾಗಿ ಪರಿಮಳಿಸುತ್ತದೆ. ಹೊಂಗೆಯೂ ಹೀಗೆಯೇ, ಅದರ ಹೊಳೆಯುವ ಎಳೆಹಸುರು ದೂರದಿಂದಲೇ ಕಣ್ಸೆಳೆಯುತ್ತದೆ. ಅರಳಿಯ ಚಿಗುರು ತಾಮ್ರದ ತಗಡಿನಂತೆ ಬಿಸಿಲಿಗೆ ಮಿನುಗುತ್ತದೆ. ಹಡಗಲಿಯ ಮಲ್ಲಿಗೆ ತೋಟಗಳಲ್ಲಿ ಚಳಿಯಲ್ಲಿ ಕುಗ್ಗಿದ್ದ ಮೊಗ್ಗು ಬಿಸಿಲು ಬಲಿತಂತೆ ಹೆಚ್ಚುತ್ತ ಹೋಗುತ್ತದೆ. ಇಲ್ಲಿಯ ಹೂಗಳು ತುಂಗಭದ್ರೆಯ ಮೇಲೆ ಹಡಗುಗಳಲ್ಲಿ ಹಂಪೆಗೆ ಸಾಗುತ್ತಿದ್ದವೆಂಬ ಐತಿಹ್ಯದಿಂದ ತಾಲ್ಲೂಕಿನ ಹೆಸರನ್ನು ಅರ್ಥೈಸುವುದು ವಾಡಿಕೆ.

ಕೋಗಿಲೆಯ ಬಗೆಗೆ ಒಂದು ಮಾತು ಅವಶ್ಯ. ಅದು ವಸಂತದಲ್ಲಿ ಎಲ್ಲಿಂದಲೋ ಬರುತ್ತದೆಂದು ಅನೇಕರ ನಂಬಿಕೆ. ವಾಸ್ತವವಾಗಿ ಅದು ಚಳಿಗಾಲದಲ್ಲಿಯೂ ನಮ್ಮ ಮಾವು ಆಲಗಳ ಎಲೆಮರೆಯಲ್ಲಿಯೇ ಇರುತ್ತದೆ, ಕೂಗುವುದಿಲ್ಲ, ಅಷ್ಟೆ. ತನ್ನ ಮೊಟ್ಟೆಗಳನ್ನು ಕಾಗೆಯ ಗೂಡಿನಲ್ಲಿಡುವ ಈ ಹಕ್ಕಿ, ಕಾಗೆ ಗೂಡುಕಟ್ಟುವ ಕಾಲ ಸಮೀಪಿಸಿದಂತೆ ದನಿ ತೆಗೆಯುತ್ತದೆ. ಕೂಗುವ ಕಪ್ಪು ಹಕ್ಕಿ ಗಂಡು; ಹೆಣ್ಣಿನ ಮೈ ಕಂದು, ಅದರ ಮೇಲೆ ಬಿಳಿಯ ಚುಕ್ಕೆಗಳು.

ಬರುವುದಷ್ಟೇ ಕುರುಹಲ್ಲ, ಹೋಗುವುದೂ ಕುರುಹೇ. ಹೊಳೆಯಾಚೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯವನ್ನು ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆದು ಫೆಬ್ರುವರಿ-ಮಾರ್ಚ್ ವೇಳೆಗೆ ಉತ್ತರಾಭಿಮುಖವಾಗಿ ಮರಳುತ್ತವೆ. ನಮ್ಮ ನೆರೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯೂ ಹಕ್ಕಿಗಳ ನೆಲೆಯೆಂದು ಪ್ರಸಿದ್ಧ. ಈ ಎರಡೂ ಕೆರೆಗಳು ೨೦೨೪ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದುದು ನಮ್ಮ ಪ್ರಾಂತಕ್ಕೆ ಅಭಿಮಾನದ ಸಂಗತಿ.

ಮಳೆಗೆ ಮುನ್ನವೇ ಚಿಗುರು ಏಕೆ?

ಮುಂಗಾರು ಬರಲು ಇನ್ನೂ ಎರಡು ಮೂರು ತಿಂಗಳಿರುವಾಗ ಮರಕ್ಕೆ ಚಿಗುರುವ ಧೈರ್ಯ ಎಲ್ಲಿಂದ ಬಂದಿತು? ಈ ಪ್ರಶ್ನೆಯನ್ನು ಕೇಳುವ ವಿದ್ಯಾರ್ಥಿ ನಿಜವಾದ ವಿದ್ಯಾರ್ಥಿ. ಇದರ ಉತ್ತರ ಎಲೆ ಉದುರುವ ಕ್ರಿಯೆಯಲ್ಲಿಯೇ ಅಡಗಿದೆ. ಮರವು ಹಳೆಯ ಎಲೆಯನ್ನು ಬಿಸುಡುವ ಮುನ್ನ ಅದರೊಳಗಿನ ಸಾರಾಂಶವನ್ನು ಬಹುಮಟ್ಟಿಗೆ ಕೊಂಬೆಗೆ ಹಿಂತೆಗೆದುಕೊಳ್ಳುತ್ತದೆ. ಎಲೆ ಹಳದಿಯಾಗುವುದು ಇದರ ಫಲ. ಎಲೆಗಳು ಹೋದೊಡನೆ ಆವಿಯಾಗಿ ನಷ್ಟವಾಗುತ್ತಿದ್ದ ನೀರು ಉಳಿಯುತ್ತದೆ. ಆಳಕ್ಕೆ ಇಳಿದ ಬೇರು ಕೆಳಪದರದ ತೇವವನ್ನು ಹೀರಿ ಕಾಂಡವನ್ನು ಮತ್ತೆ ತುಂಬುತ್ತದೆ. ಹೀಗೆ ಕೂಡಿಟ್ಟ ನೀರಿನ ಬಲದಿಂದ ಮೊಗ್ಗು ಒಡೆಯುತ್ತದೆ. ಒಣಗಾಲದಲ್ಲಿ ಎಲೆ ತಿನ್ನುವ ಹುಳುಗಳು ಕಡಿಮೆ. ಆಕಾಶ ನಿರ್ಮಲವಾಗಿರುವುದರಿಂದ ಬೆಳಕು ಹೇರಳ. ಮಳೆ ಬರುವ ಹೊತ್ತಿಗೆ ಎಲೆಗಳು ಬಲಿತು ಸಿದ್ಧವಾಗಿರುತ್ತವೆ. ಎಳೆಚಿಗುರಿನ ಕೆಂಪು ವರ್ಣದ್ರವ್ಯವು ಪ್ರಖರವಾದ ಬಿಸಿಲಿನಿಂದ ಎಳೆಯ ಅಂಗಾಂಶವನ್ನು ಕಾಯುತ್ತದೆಂದು ವಿಜ್ಞಾನಿಗಳು ಅಭಿಪ್ರಾಯಪಡುತ್ತಾರೆ.

ಬಿಡಬೇಕಾದುದನ್ನು ಸಕಾಲದಲ್ಲಿ ಬಿಟ್ಟು, ಉಳಿಸಬೇಕಾದುದನ್ನು ಒಳಗೆ ಉಳಿಸಿಕೊಂಡು, ಬರಲಿರುವ ಮಳೆಗೆ ಮುಂಚಿತವಾಗಿ ಸಿದ್ಧವಾಗುವ ಈ ಮಿತವ್ಯಯವು ಮಳೆಯಾಶ್ರಿತ ಸೀಮೆಯ ಒಕ್ಕಲಿಗನ ಬಾಳಿಗೂ ಸಮೀಪವಾದುದು.

ಪಂಚಾಂಗ ಮತ್ತು ಮರ

ಯುಗಾದಿಯೇ ವಸಂತದ ಮೊದಲ ದಿನವಲ್ಲವೇ, ಬೇರೆ ಕುರುಹು ಏಕೆ ಬೇಕು ಎಂದು ಕೆಲವರು ಕೇಳಬಹುದು. ನಮ್ಮ ಯುಗಾದಿ ಚಾಂದ್ರಮಾನವನ್ನು ಅನುಸರಿಸಿದುದು. ಚಾಂದ್ರವರ್ಷವು ಸೌರವರ್ಷಕ್ಕಿಂತ ಸುಮಾರು ೧೧ ದಿನ ಕಡಿಮೆ. ಆ ಕೊರತೆಯನ್ನು ಅಧಿಕಮಾಸದಿಂದ ಸರಿದೂಗಿಸುತ್ತಾರೆ. ಆದಕಾರಣ ಹಬ್ಬದ ದಿನ ಹಿಂದುಮುಂದಾಗುತ್ತದೆ. ೨೦೨೪ರಲ್ಲಿ ಏಪ್ರಿಲ್ ೯ಕ್ಕೆ ಬಂದ ಯುಗಾದಿ ೨೦೨೫ರಲ್ಲಿ ಮಾರ್ಚ್ ೩೦ಕ್ಕೆ ಬಂದಿತು. ಮರವು ಪಂಚಾಂಗವನ್ನು ಓದದು. ಅದು ಸೂರ್ಯನನ್ನೂ ನೆಲವನ್ನೂ ಓದುತ್ತದೆ. ಆದ್ದರಿಂದಲೇ ಕೆಲವು ವರ್ಷ ಬೇವುಬೆಲ್ಲಕ್ಕೆ ಅರಳಿದ ಹೂ ಯಥೇಚ್ಛವಾಗಿ ದೊರೆತರೆ, ಕೆಲವು ವರ್ಷ ಮೊಗ್ಗನ್ನೇ ಹುಡುಕಬೇಕಾಗುತ್ತದೆ. ಪಂಚಾಂಗವು ಹಬ್ಬವನ್ನು ತಿಳಿಸುತ್ತದೆ. ಋತುವನ್ನು ತಿಳಿಯಲು ಮರದ ಬುಡಕ್ಕೆ ಹೋಗಬೇಕು.

ದಾಖಲೆಯ ಬೆಲೆ

ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ರಾಬರ್ಟ್ ಮಾರ್ಷಮ್ ಎಂಬ ಜಮೀನುದಾರನು ೧೭೩೬ರಲ್ಲಿ ತನ್ನ ಊರಿನ ವಸಂತದ ಕುರುಹುಗಳನ್ನು ದಿನಾಂಕಸಹಿತ ಬರೆದಿಡಲು ಆರಂಭಿಸಿದನು. ಅವನ ವಂಶಸ್ಥರು ಆ ಕಾರ್ಯವನ್ನು ೧೯೫೮ರವರೆಗೆ ಮುಂದುವರಿಸಿದರು. ಜಪಾನಿನ ಕ್ಯೋಟೋ ನಗರದಲ್ಲಿ ಚೆರಿ ಹೂ ಅರಳಿದ ಕಾಲದ ಉಲ್ಲೇಖಗಳು ಒಂಬತ್ತನೆಯ ಶತಮಾನದಿಂದಲೂ ದೊರೆಯುತ್ತವೆ. ೨೦೨೧ರಲ್ಲಿ ಅಲ್ಲಿ ಮಾರ್ಚ್ ೨೬ಕ್ಕೇ ಹೂ ಪೂರ್ಣ ಅರಳಿದಾಗ, ಸುಮಾರು ೧೨೦೦ ವರ್ಷಗಳಲ್ಲಿ ಇಷ್ಟು ಬೇಗ ಅರಳಿದ್ದಿಲ್ಲವೆಂದು ಹೇಳಲು ಸಾಧ್ಯವಾದುದು ಆ ಹಳೆಯ ಬರಹಗಳಿಂದಲೇ. ನಮ್ಮ ದೇಶದಲ್ಲಿಯೂ ‘ಸೀಸನ್‌ವಾಚ್’ ಎಂಬ ಯೋಜನೆಯಲ್ಲಿ ಶಾಲಾಮಕ್ಕಳು ವಾರಕ್ಕೊಮ್ಮೆ ಮರಗಳನ್ನು ನೋಡಿ ಚಿಗುರು, ಹೂ, ಕಾಯಿಗಳ ವಿವರ ದಾಖಲಿಸುತ್ತಿದ್ದಾರೆ.

ಇದು ಕೇವಲ ಕುತೂಹಲದ ವಿಷಯವಲ್ಲ. ೨೦೨೩ರ ಫೆಬ್ರುವರಿ ತಿಂಗಳಿನಲ್ಲಿ ಭಾರತದ ಸರಾಸರಿ ಗರಿಷ್ಠ ಉಷ್ಣತೆ ೧೯೦೧ರಿಂದ ಈಚೆಗೆ ಆ ತಿಂಗಳಿನಲ್ಲಿ ಕಂಡ ಅತಿ ಹೆಚ್ಚಿನದಾಗಿತ್ತು. ಶಿಶಿರ ಹೀಗೆ ಮೊಟಕಾಗುತ್ತ ಹೋದರೆ ಮಾವಿನ ಹೂವಿಗೂ, ಜೇನಿಗೂ, ಹಿಂಗಾರಿ ಜೋಳದ ಕಾಳಿಗೂ ಅದರ ಪರಿಣಾಮ ತಟ್ಟದಿರದು. ‘ಮೊದಲು ಹೀಗಿರಲಿಲ್ಲ’ ಎಂದು ಊರಿನ ಹಿರಿಯರು ಹೇಳುವ ಮಾತು ಬೆಲೆಯುಳ್ಳದ್ದು. ಆದರೆ ಎಷ್ಟು ದಿನಗಳ ವ್ಯತ್ಯಾಸ ಎಂದು ಕೇಳಿದರೆ ತೋರಿಸಲು ಬರಹವಿಲ್ಲ. ಆ ಹಿರಿಯರೊಡನೆ ಅವರ ನೆನಪೂ ಅಳಿದುಹೋಗುತ್ತದೆ.

ಶಾಲೆ ಮಾಡಬಹುದಾದ ಕೆಲಸ

ಇಂಥ ದಾಖಲೆಗೆ ಶಾಲೆಗಿಂತ ಯೋಗ್ಯವಾದ ಸ್ಥಳವಿಲ್ಲ. ವ್ಯಕ್ತಿಯ ಆಯುಸ್ಸು ಮಿತವಾದುದು. ಸಂಸ್ಥೆಯ ಆಯುಸ್ಸು ತಲೆಮಾರುಗಳನ್ನು ದಾಟುತ್ತದೆ. ವಿಧಾನವೂ ಸರಳ. ಅಂಗಳದ ಅಥವಾ ಸಮೀಪದ ಒಂದು ಬೇವು, ಒಂದು ಹೊಂಗೆ, ಒಂದು ಮಾವು, ಒಂದು ಮುತ್ತುಗವನ್ನು ಆಯ್ದು ಪ್ರತಿಯೊಂದಕ್ಕೂ ಸಂಖ್ಯೆ ಕೊಡಬೇಕು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಪ್ರತಿ ಸೋಮವಾರ ಇಬ್ಬರು ವಿದ್ಯಾರ್ಥಿಗಳು ಆ ಮರಗಳನ್ನು ನೋಡಿ ನಾಲ್ಕು ಸಂಗತಿಗಳನ್ನು ಬರೆಯಬೇಕು: ಎಲೆ ಉದುರಲು ಆರಂಭವಾದ ದಿನ, ಮೊದಲ ಚಿಗುರು, ಮೊದಲ ಹೂ, ಮರದ ಅರ್ಧಭಾಗ ಹೂ ತುಂಬಿದ ದಿನ. ಕೋಗಿಲೆಯ ಮೊದಲ ಕೂಗಿಗೆ ಪ್ರತ್ಯೇಕ ಪುಟವಿರಲಿ. ತಾರೀಖಿನ ಜೊತೆಗೆ ತಿಥಿಯನ್ನೂ ಬರೆದರೆ ಪಂಚಾಂಗದೊಡನೆ ಹೋಲಿಸಲು ಅನುಕೂಲ. ನೋಡದ ವಾರ ‘ನೋಡಿಲ್ಲ’ ಎಂದೇ ಬರೆಯಬೇಕು, ಊಹಿಸಿ ತುಂಬಬಾರದು. ಸತ್ಯನಿಷ್ಠೆಯ ಪಾಠಕ್ಕೆ ಇದಕ್ಕಿಂತ ಉತ್ತಮ ಅಭ್ಯಾಸ ದೊರೆಯದು.

ವಿದ್ಯಾರ್ಥಿಗಳೊಡನೆ ಕಾಡುಮೇಡು ಸುತ್ತಿದ ಅನುಭವವನ್ನೇ ಡಾ. ಬಿ. ಜಿ. ಎಲ್. ಸ್ವಾಮಿಯವರು ‘ಹಸುರು ಹೊನ್ನು’ ಕೃತಿಯಲ್ಲಿ ನಿರೂಪಿಸಿ, ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರರಾದರು. ಸಸ್ಯಶಾಸ್ತ್ರದ ತರಗತಿ ನಾಲ್ಕು ಗೋಡೆಗಳ ಹೊರಗೂ ನಡೆಯಬಲ್ಲದೆಂಬುದಕ್ಕೆ ಅದು ನಿದರ್ಶನ.

ಅಧ್ಯಾಪಕ ಬಂಧುಗಳು ವಾರಕ್ಕೆ ಹತ್ತು ನಿಮಿಷವನ್ನು ಇದಕ್ಕೆ ಮೀಸಲಿಡಬೇಕೆಂಬುದು ಸವಿನಯ ಪ್ರಾರ್ಥನೆ. ಹಳೆಯ ವಿದ್ಯಾರ್ಥಿಗಳು ತಮ್ಮ ಹಳೆಯ ಪತ್ರಗಳಲ್ಲಿ, ಜಮೀನಿನ ಲೆಕ್ಕದ ಪುಸ್ತಕಗಳಲ್ಲಿ ಸುಗ್ಗಿಯ ದಿನ, ಮಾವು ಕಿತ್ತ ದಿನ ಮುಂತಾದ ಉಲ್ಲೇಖಗಳಿದ್ದರೆ ಅವುಗಳ ಪ್ರತಿಯನ್ನು ಶಾಲೆಗೆ ಒದಗಿಸಬಹುದು. ಕೊಠಡಿಗಳನ್ನು ಕಟ್ಟಿಸಿಕೊಡುವ ಉದಾರಿಗಳಾದ ದಾನಿಗಳಲ್ಲಿ ಒಂದೇ ವಿಜ್ಞಾಪನೆ: ತಳಪಾಯಕ್ಕೆ ಗುರುತು ಹಾಕುವಾಗ ಅಲ್ಲಿರುವ ಹಳೆಯ ಮರವನ್ನು ಉಳಿಸಿ ನಕ್ಷೆ ತಯಾರಿಸಲು ಹೇಳಿರಿ. ಕಟ್ಟಡವನ್ನು ಒಂದು ವರ್ಷದಲ್ಲಿ ಮತ್ತೆ ಕಟ್ಟಬಹುದು. ಐವತ್ತು ವರ್ಷದ ಬೇವನ್ನು ಬೆಳೆಸಲು ಐವತ್ತು ವರ್ಷವೇ ಬೇಕು. ಮರ ಹೋದರೆ ಅದರೊಡನೆ ದಾಖಲೆಯ ಎಳೆಯೂ ಕಡಿದುಹೋಗುತ್ತದೆ.

ಬರುವ ಮಾಘಮಾಸದಲ್ಲಿ ಅಂಗಳದ ಮೇಲೆ ಹಳದಿ ಎಲೆಗಳು ಬಿದ್ದಾಗ ಅದನ್ನು ಕಸವೆಂದು ಗುಡಿಸಿ ಹಾಕುವ ಮುನ್ನ ಒಬ್ಬ ವಿದ್ಯಾರ್ಥಿ ತಾರೀಖನ್ನು ಬರೆದುಕೊಳ್ಳಲಿ. ಆ ಒಂದು ಸಾಲಿನಿಂದಲೇ ಇಟ್ಟಿಗಿಯ ವಸಂತದ ಚರಿತ್ರೆ ಆರಂಭವಾಗುತ್ತದೆ.